ಎಐ ಶೋಧದಲ್ಲಿ ಕನ್ನಡ ಜಾಲತಾಣ ಕಾಣಿಸಿಕೊಳ್ಳಬೇಕಾದರೆ ಮಾಡಬೇಕಾದ ಕೆಲಸಗಳು

ಅಡಿಕೆಗೆ ಕೊಳೆರೋಗ ಬಂದಾಗ ಏನು ಸಿಂಪಡಿಸಬೇಕು ಎಂದು ತಿಳಿಯಬಯಸುವ ಬೆಳೆಗಾರರು ಈಗ ಹತ್ತಾರು ಕೊಂಡಿಗಳನ್ನು ಒಂದೊಂದಾಗಿ ತೆರೆದು ನೋಡಬೇಕಾಗಿಲ್ಲ. ಚಾಟ್‌ಜಿಪಿಟಿ, ಜೆಮಿನಿ, ಪರ್‌ಪ್ಲೆಕ್ಸಿಟಿ ಅಥವಾ ಗೂಗಲ್‌ನ ಎಐ ಓವರ್‌ವ್ಯೂ ಅವರಿಗೆ ನೇರವಾಗಿ ಉತ್ತರವನ್ನೇ ಕೊಡುತ್ತದೆ. ಆ ಉತ್ತರದ ಪಕ್ಕದಲ್ಲೋ ಕೆಳಗೋ ಆಕರಗಳೆಂದು ಕೆಲವೇ ಜಾಲತಾಣಗಳ ಹೆಸರು ಇರುತ್ತದೆ. ಎಐ ಓವರ್‌ವ್ಯೂ ಅಮೆರಿಕದಲ್ಲಿ 2024ರ ಮೇ ತಿಂಗಳಲ್ಲಿ, ಭಾರತದಲ್ಲಿ ಅದೇ ವರ್ಷದ ಆಗಸ್ಟ್‌ನಲ್ಲಿ ಬಂದಿತು. ಚಾಟ್‌ಜಿಪಿಟಿಯಲ್ಲಿ ಜಾಲ ಶೋಧದ ಸೌಲಭ್ಯ 2024ರ ಅಕ್ಟೋಬರ್ ಕೊನೆಯಲ್ಲಿ ಆರಂಭವಾಯಿತು. 2025ರಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿಯ ಹಣ ಕೊಟ್ಟು ಪಡೆಯುವ ಆವೃತ್ತಿಯನ್ನು ಒಂದು ವರ್ಷ ಉಚಿತವಾಗಿ ನೀಡಿದ ಮೇಲೆ, ಇಂಥ ಸಾಧನಗಳು ನಮ್ಮ ಹಳ್ಳಿಗಳ ಫೋನುಗಳಿಗೂ ತಲುಪಿವೆ. ಆದ್ದರಿಂದ ಕನ್ನಡದಲ್ಲಿ ಉಪಯುಕ್ತ ಮಾಹಿತಿ ಪ್ರಕಟಿಸುವ ಪ್ರತಿಯೊಬ್ಬರೂ, ತಮ್ಮ ಬರಹ ಈ ಉತ್ತರಗಳಿಗೆ ಆಕರವಾಗುವಂತೆ ಮಾಡುವುದು ಹೇಗೆ ಎಂದು ಯೋಚಿಸಲೇಬೇಕಾಗಿದೆ.

ಅಡಿಕೆ ಬೆಳೆಗಾರರಿಗಾಗಿ ನಡೆಸುವ ಒಂದು ಕನ್ನಡ ಜಾಲತಾಣವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ಆಸ್ಪತ್ರೆ, ಹೋಮ್‌ಸ್ಟೇ, ಪುಸ್ತಕದ ಅಂಗಡಿ, ಸಹಕಾರ ಸಂಘ ಯಾವುದರ ಜಾಲತಾಣವೇ ಆದರೂ ಕೆಲಸದ ಕ್ರಮ ಇದೇ.

ಎಐ ಶೋಧ ನಿಮ್ಮ ಪುಟವನ್ನು ಹೇಗೆ ಓದುತ್ತದೆ

ಬಳಕೆದಾರರು ಪ್ರಶ್ನೆ ಕೇಳಿದಾಗ ಈ ವ್ಯವಸ್ಥೆಗಳು ಸಾಮಾನ್ಯವಾಗಿ ಆ ಪ್ರಶ್ನೆಯನ್ನು ಹಲವು ಸಣ್ಣ ಪ್ರಶ್ನೆಗಳಾಗಿ ಒಡೆದುಕೊಂಡು, ಪ್ರತಿಯೊಂದಕ್ಕೂ ಒಂದು ಶೋಧ ಸೂಚಿಯಲ್ಲಿ (ಶೋಧ ಎಂಜಿನ್ ಮೊದಲೇ ಓದಿ ಇಟ್ಟುಕೊಂಡ ಪುಟಗಳ ಪಟ್ಟಿಯಲ್ಲಿ) ಹುಡುಕಿ, ಸಿಕ್ಕ ಪುಟಗಳಿಂದ ಸಂಬಂಧಪಟ್ಟ ಭಾಗಗಳನ್ನಷ್ಟೇ ಆರಿಸಿ, ಅವುಗಳ ಆಧಾರದ ಮೇಲೆ ಉತ್ತರವನ್ನು ರಚಿಸುತ್ತವೆ. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಶೋಧ ಸೂಚಿಯಲ್ಲಿ ಇಲ್ಲದ ಪುಟ ಉತ್ತರದಲ್ಲಿಯೂ ಇರುವುದಿಲ್ಲ. ಎರಡನೆಯದು, ಆಯ್ಕೆಯಾಗುವುದು ಇಡೀ ಪುಟವಲ್ಲ, ಅದರೊಳಗಿನ ಒಂದು ಪ್ಯಾರಾ ಅಥವಾ ಒಂದು ಕೋಷ್ಟಕ. ಮುಂದೆ ಹೇಳುವ ಎಲ್ಲ ಸಲಹೆಗಳೂ ಈ ಎರಡು ಸಂಗತಿಗಳಿಂದಲೇ ಹುಟ್ಟಿದವು.

ತನ್ನ ಎಐ ಸೌಲಭ್ಯಗಳಲ್ಲಿ ಕಾಣಿಸಿಕೊಳ್ಳಲು ವಿಶೇಷವಾದ ಯಾವುದೇ ತಾಂತ್ರಿಕ ಅಗತ್ಯವಿಲ್ಲ, ಪುಟವು ಸೂಚಿಯಲ್ಲಿ ಸೇರಿದ್ದು ಫಲಿತಾಂಶದಲ್ಲಿ ಅದರ ತುಣುಕನ್ನು (ಪುಟದಿಂದ ಆಯ್ದ ಒಂದೆರಡು ಸಾಲನ್ನು) ತೋರಿಸಲು ಅನುಮತಿ ಇದ್ದರೆ ಸಾಕು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ಹೇಳಿದೆ. ‘ಎಐ ಶ್ರೇಯಾಂಕದ ರಹಸ್ಯ ಸೂತ್ರ’ಗಳನ್ನು ಮಾರಲು ಬರುವವರ ಮಾತು ಕೇಳುವ ಮುನ್ನ ಈ ಒಂದು ವಾಕ್ಯವನ್ನು ನೆನಪಿಟ್ಟುಕೊಳ್ಳಬೇಕು.

ಮೊದಲು ನಿಮ್ಮ ಕನ್ನಡ ನಿಜವಾದ ಪಠ್ಯವೇ ಎಂದು ಪರೀಕ್ಷಿಸಿ

ಇಂಗ್ಲಿಷ್ ಜಾಲತಾಣಗಳಿಗೆ ಬರೆದ ಮಾರ್ಗದರ್ಶಿಗಳಲ್ಲಿ ಈ ವಿಷಯ ಬರುವುದೇ ಇಲ್ಲ. ಕನ್ನಡಕ್ಕೆ ಮಾತ್ರ ಇದೇ ಎಲ್ಲಕ್ಕಿಂತ ದೊಡ್ಡ ತೊಡಕು ಎಂಬುದು ನನ್ನ ದೃಢ ಅಭಿಪ್ರಾಯ. ನಮ್ಮಲ್ಲಿ ದಶಕಗಳ ಕಾಲ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪ್ ಮಾಡಲಾಗಿದೆ. ಆ ಫಾಂಟುಗಳಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡವಾದರೂ ಕಡತದೊಳಗೆ ಇರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಾಲು. ಮನುಷ್ಯರ ಕಣ್ಣಿಗೆ ‘ಕೊಳೆರೋಗ’ ಎಂದು ಕಾಣುವುದು ಯಂತ್ರಕ್ಕೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಕೃಷಿ ಮೇಳದ ಕರಪತ್ರ, ಇಲಾಖೆಯ ಸುತ್ತೋಲೆ, ಸಂಘದ ವಾರ್ಷಿಕ ವರದಿ, ಪತ್ರಿಕೆಗಳ ಹಳೆಯ ಲೇಖನ ಇವುಗಳಲ್ಲಿ ಬೆಲೆಬಾಳುವ ಎಷ್ಟೋ ಜ್ಞಾನ ಹೀಗೆ ಪಿಡಿಎಫ್‌ಗಳಲ್ಲಿ ಬಂದಿಯಾಗಿದೆ.

ಪರೀಕ್ಷೆ ಸುಲಭ. ನಿಮ್ಮ ಪುಟದಿಂದ ಅಥವಾ ಪಿಡಿಎಫ್‌ನಿಂದ ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಅಲ್ಲಿಯೂ ಅದು ಸರಿಯಾದ ಕನ್ನಡವಾಗಿಯೇ ಉಳಿದರೆ ನಿಮ್ಮ ಪಠ್ಯ ಯೂನಿಕೋಡ್‌ನಲ್ಲಿದೆ, ಎಂದರೆ ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರ ಸಂಕೇತದಲ್ಲಿದೆ. ರೋಮನ್ ಅಕ್ಷರಗಳು ಬಂದರೆ ಅದು ಹಳೆಯ ಫಾಂಟಿನಲ್ಲಿದೆ. ಏನನ್ನೂ ಆಯ್ಕೆ ಮಾಡಲಾಗದಿದ್ದರೆ ಅದು ಬರಿಯ ಚಿತ್ರ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ ತಯಾರಿಸಿದ ಪಿಡಿಎಫ್‌ಗಳಲ್ಲಿಯೂ ಕೆಲವೊಮ್ಮೆ ಒತ್ತಕ್ಷರಗಳು ಕಳಚಿ, ಸ್ವರಚಿಹ್ನೆಗಳು ಸ್ಥಳ ಬದಲಿಸಿ ಹೊರಬರುತ್ತವೆ ಎಂಬುದನ್ನು ಗಮನಿಸಬೇಕು. ಆದ್ದರಿಂದ ಮುಖ್ಯವಾದ ಪ್ರತಿಯೊಂದು ಲೇಖನವನ್ನೂ ಸಾಮಾನ್ಯ ಎಚ್‌ಟಿಎಂಎಲ್ ಪುಟವಾಗಿ ಪ್ರಕಟಿಸಿ, ಪಿಡಿಎಫ್ ಅನ್ನು ಮುದ್ರಿಸಿಕೊಳ್ಳುವವರಿಗಾಗಿ ಹೆಚ್ಚುವರಿಯಾಗಿ ಇಡುವುದು ಉತ್ತಮ. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಆದರೆ ಪರಿವರ್ತನೆಯ ನಂತರ ಅರ್ಕಾವೊತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಒಬ್ಬರು ಕುಳಿತು ಓದಿ ತಿದ್ದಲೇಬೇಕು. ಔಷಧದ ಪ್ರಮಾಣ ಹೇಳುವ ಪುಟದಲ್ಲಿ ಒಂದು ಅಂಕಿ ತಪ್ಪಿದರೆ ಅದು ಎಐ ಉತ್ತರದ ಮೂಲಕ ಸಾವಿರಾರು ಜನರನ್ನು ತಲುಪಬಹುದು.

ವಾಟ್ಸ್‌ಆ್ಯಪ್‌ಗೆಂದು ಸಿದ್ಧಪಡಿಸಿದ ಚಿತ್ರಗಳನ್ನೇ ಜಾಲತಾಣಕ್ಕೂ ಹಾಕುವ ರೂಢಿಯನ್ನು ಬಿಡಬೇಕು. ಬೆಲೆಪಟ್ಟಿ, ಸಿಂಪರಣೆಯ ವೇಳಾಪಟ್ಟಿ, ಸಂಪರ್ಕದ ವಿವರ ಇವೆಲ್ಲ ಅಕ್ಷರಗಳಲ್ಲಿಯೇ ಇರಲಿ. ಇದರ ಜೊತೆಗೆ ಪುಟದ ಭಾಷೆ ಕನ್ನಡವೆಂದು ಸೂಚಿಸುವ ‘ಕೆಎನ್’ (kn) ಸಂಕೇತವನ್ನು ಎಚ್‌ಟಿಎಂಎಲ್‌ನ ಭಾಷಾ ಗುಣಲಕ್ಷಣದಲ್ಲಿ ಕೊಡಿ. ಸಿದ್ಧ ವಿನ್ಯಾಸಗಳನ್ನು ಬಳಸಿ ಕಟ್ಟಿದ ಎಷ್ಟೋ ಕನ್ನಡ ಜಾಲತಾಣಗಳಲ್ಲಿ ಅದು ಇಂಗ್ಲಿಷ್ ಎಂದೇ ಉಳಿದಿರುತ್ತದೆ.

ಕ್ರಾಲರ್‌ಗಳಿಗೆ ಬಾಗಿಲು ತೆರೆದಿದೆಯೇ?

ಜಾಲತಾಣಗಳನ್ನು ಓದಲು ಬರುವ ತಂತ್ರಾಂಶಗಳೇ ಕ್ರಾಲರ್‌ಗಳು; ಅವಕ್ಕೆ ಎಲ್ಲಿ ಪ್ರವೇಶವಿದೆ, ಎಲ್ಲಿ ಇಲ್ಲ ಎಂದು ತಿಳಿಸುವ ಕಡತ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ (robots.txt). 1994ರಿಂದ ರೂಢಿಯಲ್ಲಿದ್ದ ಈ ಪದ್ಧತಿ 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಅಂತರ್ಜಾಲ ಮಾನದಂಡದ ದಾಖಲೆಯಾಗಿ ಪ್ರಕಟವಾಯಿತು. ನಿಮ್ಮ ಜಾಲತಾಣದ ವಿಳಾಸದ ಕೊನೆಯಲ್ಲಿ ಓರೆಗೆರೆ ಹಾಕಿ ಈ ಕಡತದ ಹೆಸರನ್ನು ಬರೆದರೆ ಬ್ರೌಸರ್‌ನಲ್ಲಿಯೇ ಅದನ್ನು ಓದಬಹುದು.

ಎಐ ಕಂಪನಿಗಳ ಕ್ರಾಲರ್‌ಗಳಲ್ಲಿ ಮೂರು ಬಗೆಯವು ಇವೆ, ಅವುಗಳ ವ್ಯತ್ಯಾಸ ತಿಳಿಯದೆ ನಿರ್ಬಂಧ ಹಾಕುವುದು ಅಪಾಯಕರ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯ ಜಿಪಿಟಿಬಾಟ್ ಎಐ ಮಾದರಿಗಳ ತರಬೇತಿಗಾಗಿ ಪಠ್ಯ ಸಂಗ್ರಹಿಸುತ್ತದೆ. ಓಎಐ-ಸರ್ಚ್‌ಬಾಟ್ ಚಾಟ್‌ಜಿಪಿಟಿಯ ಶೋಧಕ್ಕೆ ಬೇಕಾದ ಸೂಚಿಯನ್ನು ಕಟ್ಟುತ್ತದೆ. ಬಳಕೆದಾರರು ಪ್ರಶ್ನೆ ಕೇಳಿದ ಕ್ಷಣದಲ್ಲಿ ಪುಟವನ್ನು ತೆರೆದು ನೋಡಲು ಬರುವುದು ಚಾಟ್‌ಜಿಪಿಟಿ-ಯೂಸರ್. ಕ್ಲಾಡ್ ಎಂಬ ಎಐ ಸಾಧನದ ಕಂಪನಿ ಆಂಥ್ರೋಪಿಕ್‌ನಲ್ಲಿಯೂ ಇದೇ ರೀತಿ ಕ್ಲಾಡ್‌ಬಾಟ್, ಕ್ಲಾಡ್-ಸರ್ಚ್‌ಬಾಟ್, ಕ್ಲಾಡ್-ಯೂಸರ್ ಎಂಬ ಮೂರು ಇವೆ. ಪರ್‌ಪ್ಲೆಕ್ಸಿಟಿಯ ಶೋಧ ಸೂಚಿಗೆ ಪರ್‌ಪ್ಲೆಕ್ಸಿಟಿಬಾಟ್ ಬರುತ್ತದೆ. ತರಬೇತಿಗೆ ತಮ್ಮ ಬರಹ ಬಳಕೆಯಾಗುವುದು ಇಷ್ಟವಿಲ್ಲದವರು ಜಿಪಿಟಿಬಾಟ್ ಅನ್ನು ತಡೆದು ಓಎಐ-ಸರ್ಚ್‌ಬಾಟ್‌ಗೆ ಅವಕಾಶ ಕೊಡಬಹುದು. ಇವೆರಡೂ ಪರಸ್ಪರ ಸ್ವತಂತ್ರ. ಕಡತದಲ್ಲಿ ಮಾಡಿದ ಬದಲಾವಣೆ ತನ್ನ ಶೋಧದಲ್ಲಿ ಜಾರಿಗೆ ಬರಲು ಸುಮಾರು 24 ಗಂಟೆ ಬೇಕಾಗಬಹುದು ಎಂದು ಓಪನ್‌ಎಐ ತಿಳಿಸಿದೆ.

ಗೂಗಲ್‌ನ ವಿಷಯದಲ್ಲಿ ಗೊಂದಲ ಹೆಚ್ಚು. ಗೂಗಲ್-ಎಕ್ಸ್‌ಟೆಂಡೆಡ್ ಎಂಬ ಹೆಸರನ್ನು ತಡೆದರೆ ಎಐ ಓವರ್‌ವ್ಯೂನಿಂದ ಹೊರಗುಳಿಯಬಹುದು ಎಂದು ಹಲವರು ಭಾವಿಸಿದ್ದಾರೆ. ಅದು ಜೆಮಿನಿಗೆ ಸಂಬಂಧಿಸಿದ ನಿಯಂತ್ರಣ. ಗೂಗಲ್ ಶೋಧದಲ್ಲಿ ನಿಮ್ಮ ಸ್ಥಾನವನ್ನು ಅದು ಬದಲಿಸುವುದಿಲ್ಲ. ಎಐ ಓವರ್‌ವ್ಯೂಗೆ ಬೇಕಾದದ್ದನ್ನು ತರುವುದು ಎಂದಿನ ಗೂಗಲ್‌ಬಾಟ್. ತುಣುಕು ತೋರಿಸಬೇಡ ಎನ್ನುವ ‘ನೋಸ್ನಿಪೆಟ್’ ಸೂಚನೆಯನ್ನು ನಿಮ್ಮ ಪುಟಗಳಲ್ಲಿ ಹಿಂದೆಂದೋ ಯಾರೋ ಹಾಕಿದ್ದರೆ, ಎಐ ಉತ್ತರದಿಂದಲೂ ನಿಮ್ಮ ಪುಟ ಹೊರಗುಳಿಯುತ್ತದೆ.

ರೋಬೋಟ್ಸ್ ಕಡತ ಸರಿಯಾಗಿದ್ದರೂ ಬಾಗಿಲು ಮುಚ್ಚಿರುವ ಸಂದರ್ಭಗಳಿವೆ. 2025ರ ಜುಲೈನಿಂದ, ಜಾಲತಾಣಗಳಿಗೆ ರಕ್ಷಣೆ ಮತ್ತು ವೇಗ ಒದಗಿಸುವ ಕ್ಲೌಡ್‌ಫ್ಲೇರ್ ಕಂಪನಿ ತನ್ನಲ್ಲಿ ಹೊಸದಾಗಿ ಸೇರುವ ಜಾಲತಾಣಗಳಿಗೆ ಎಐ ಕ್ರಾಲರ್‌ಗಳನ್ನು ತಡೆಯುವುದನ್ನೇ ಪೂರ್ವನಿಯೋಜಿತ ಆಯ್ಕೆಯಾಗಿ ಮಾಡಿದೆ. ನಿಮ್ಮ ಜಾಲತಾಣ ಅಲ್ಲಿದ್ದರೆ ಆ ಆಯ್ಕೆ ಹೇಗಿದೆ ಎಂದು ನೋಡಿ. ವರ್ಡ್‌ಪ್ರೆಸ್ ಬಳಸುವವರು ಸೆಟ್ಟಿಂಗ್ಸ್‌ನ ‘ರೀಡಿಂಗ್’ ವಿಭಾಗದಲ್ಲಿ, ಶೋಧ ಎಂಜಿನ್‌ಗಳನ್ನು ನಿರುತ್ತೇಜಿಸುವ ಚೌಕದಲ್ಲಿ ಗುರುತು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಜಾಲತಾಣ ಕಟ್ಟುವಾಗ ಹಾಕಿದ ಆ ಗುರುತನ್ನು ತೆಗೆಯಲು ಮರೆಯುವುದು ಸಾಮಾನ್ಯ.

ಇನ್ನೊಂದು ತಡೆ ಜಾವಾಸ್ಕ್ರಿಪ್ಟ್. ಗೂಗಲ್‌ಬಾಟ್ ಜಾವಾಸ್ಕ್ರಿಪ್ಟ್ ಅನ್ನು ನಡೆಸಿ ಪುಟವನ್ನು ನೋಡಬಲ್ಲದು. ಆದರೆ ಉಳಿದ ಹಲವು ಎಐ ಕ್ರಾಲರ್‌ಗಳು ಸರ್ವರ್ ಮೊದಲು ಕಳುಹಿಸುವ ಎಚ್‌ಟಿಎಂಎಲ್ ಅನ್ನಷ್ಟೇ ಓದುತ್ತವೆ. ಬ್ರೌಸರ್‌ನಲ್ಲಿ ಪುಟದ ಮೂಲ ಸಂಕೇತವನ್ನು ತೆರೆದು ನಿಮ್ಮ ಲೇಖನದ ಒಂದು ವಾಕ್ಯವನ್ನು ಹುಡುಕಿ. ಅದು ಅಲ್ಲಿ ಸಿಗದಿದ್ದರೆ, ಪುಟವನ್ನು ಸರ್ವರ್‌ನಲ್ಲಿಯೇ ಪೂರ್ಣವಾಗಿ ಸಿದ್ಧಪಡಿಸಿ ಕಳುಹಿಸುವಂತೆ ನಿಮ್ಮ ಡೆವಲಪರ್‌ಗೆ ಹೇಳಬೇಕು.

ಇದೆಲ್ಲ ಆದ ಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿಯೂ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ನಲ್ಲಿಯೂ ಸೈಟ್‌ಮ್ಯಾಪ್ (ನಿಮ್ಮ ಪುಟಗಳ ವಿಳಾಸಗಳ ಪಟ್ಟಿ) ಸಲ್ಲಿಸಿ; ಜಾಲತಾಣದ ಮಾಲೀಕರಿಗೆಂದು ಈ ಶೋಧ ಎಂಜಿನ್‌ಗಳು ಕೊಡುವ ಉಚಿತ ಸಾಧನಗಳಿವು. ಮೈಕ್ರೋಸಾಫ್ಟ್‌ನ ಶೋಧ ಎಂಜಿನ್ ಬಿಂಗ್ ಅನ್ನು ನಮ್ಮಲ್ಲಿ ಯಾರು ಬಳಸುತ್ತಾರೆ ಎಂದು ಅದನ್ನು ಕಡೆಗಣಿಸುವುದುಂಟು. ಆದರೆ ಮೈಕ್ರೋಸಾಫ್ಟ್‌ನ ಎಐ ಸಾಧನ ಕೋಪೈಲಟ್ ನಿಂತಿರುವುದು ಬಿಂಗ್ ಸೂಚಿಯ ಮೇಲೆ. ಚಾಟ್‌ಜಿಪಿಟಿ ಶೋಧ ಆರಂಭವಾದಾಗ ಓಪನ್‌ಎಐ ತಾನು ನೆರವು ಪಡೆಯುವ ಹೊರಗಿನ ಶೋಧ ಸೇವೆಗಳಲ್ಲಿ ಬಿಂಗ್ ಒಂದು ಎಂದು ತಿಳಿಸಿತ್ತು. ಹೊಸ ಪುಟ ಬಂದ ಕೂಡಲೇ ಬಿಂಗ್‌ಗೆ ಸುದ್ದಿ ಮುಟ್ಟಿಸುವ ಇಂಡೆಕ್ಸ್‌ನೌ ವ್ಯವಸ್ಥೆಯನ್ನೂ ಅಳವಡಿಸಿಕೊಳ್ಳಬಹುದು.

ಪ್ರತಿ ಪ್ಯಾರಾ ತಾನೇ ನಿಲ್ಲುವಂತೆ ಬರೆಯುವುದು

ಹೆಚ್ಚಿನ ಸಮಯವನ್ನು ಕೊಡಬೇಕಾದ ಕೆಲಸ ಇದು. ಎಐ ನಿಮ್ಮ ಪುಟದ ನಡುವಿನಿಂದ ಒಂದು ಪ್ಯಾರಾವನ್ನು ಕಿತ್ತುಕೊಂಡಾಗ ಅದರ ಹಿಂದುಮುಂದಿನ ಮಾತು ಜೊತೆಗೆ ಬರುವುದಿಲ್ಲ. ‘ಇದಕ್ಕೆ ಮೇಲೆ ಹೇಳಿದ ದ್ರಾವಣವನ್ನು ಸಕಾಲದಲ್ಲಿ ಸಿಂಪಡಿಸುವುದು ಅತಿ ಮುಖ್ಯ’ ಎಂಬ ವಾಕ್ಯವನ್ನು ನೋಡಿ. ಯಾವ ಬೆಳೆ, ಯಾವ ರೋಗ, ಯಾವ ದ್ರಾವಣ, ಯಾವಾಗ ಎಂಬ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಇದರಲ್ಲಿ ಉತ್ತರವಿಲ್ಲ. ಇದನ್ನೇ ಹೀಗೆ ಬರೆಯಬಹುದು: ‘ಮಹಾಳಿ ಎಂದೂ ಕರೆಯುವ ಅಡಿಕೆಯ ಕೊಳೆರೋಗವನ್ನು ತಡೆಯಲು, ಮುಂಗಾರು ಆರಂಭವಾಗುವ ಮೊದಲು ಶೇ. 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಬೇಕು. 40ರಿಂದ 45 ದಿನಗಳ ನಂತರ ಎರಡನೆಯ ಸಿಂಪರಣೆ ಮಾಡಬೇಕು. 100 ಲೀಟರ್ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು ಮತ್ತು 1 ಕೆ.ಜಿ. ಸುಣ್ಣ ಬೇಕು.’ ಈ ಪ್ಯಾರಾವನ್ನು ಎಲ್ಲಿಗೆ ಒಯ್ದರೂ ಅದರ ಅರ್ಥ ಕೆಡುವುದಿಲ್ಲ. ಓದುವ ಬೆಳೆಗಾರರಿಗೂ ಇದೇ ಹೆಚ್ಚು ಉಪಕಾರಿ.

ಈ ಉದಾಹರಣೆಯಲ್ಲಿ ರೋಗದ ಎರಡು ಹೆಸರುಗಳನ್ನೂ ಕೊಟ್ಟಿರುವುದನ್ನು ಗಮನಿಸಿ. ನಮ್ಮ ಭಾಷೆಯಲ್ಲಿ ಊರಿಂದ ಊರಿಗೆ ವಸ್ತುಗಳ ಹೆಸರು ಬದಲಾಗುತ್ತದೆ. ಒಬ್ಬರು ಕೊಳೆರೋಗ ಎಂದು ಕೇಳಿದರೆ ಇನ್ನೊಬ್ಬರು ಮಹಾಳಿ ಎಂದು, ಮತ್ತೊಬ್ಬರು ಕಾಯಿ ಉದುರುತ್ತಿದೆ ಎಂದು ರೋಗದ ಲಕ್ಷಣವನ್ನೇ ಕೇಳುತ್ತಾರೆ. ಪುಸ್ತಕಗಳಲ್ಲಿರುವ ಹೆಸರು, ಊರಿನಲ್ಲಿ ಕರೆಯುವ ಹೆಸರು, ಲಕ್ಷಣದ ವಿವರಣೆ ಮೂರೂ ಪುಟದಲ್ಲಿ ಸಹಜವಾಗಿ ಒಂದೊಂದು ಬಾರಿ ಬರಲಿ. ಇಂಗ್ಲಿಷ್ ಅಥವಾ ವೈಜ್ಞಾನಿಕ ಹೆಸರನ್ನೂ ಒಮ್ಮೆ ಸೇರಿಸುವುದರಿಂದ, ಕನ್ನಡದ ಪ್ರಶ್ನೆಯನ್ನು ಇಂಗ್ಲಿಷ್‌ಗೆ ತಿರುಗಿಸಿಕೊಂಡು ಹುಡುಕುವ ವ್ಯವಸ್ಥೆಗೂ ನಿಮ್ಮ ಪುಟ ಸಿಗುತ್ತದೆ.

ಶೀರ್ಷಿಕೆಗಳು ಜನ ನಿಜವಾಗಿ ಕೇಳುವ ಪ್ರಶ್ನೆಗಳಂತಿರಲಿ, ಅದರ ಕೆಳಗಿನ ಮೊದಲ ಒಂದೆರಡು ವಾಕ್ಯಗಳಲ್ಲಿಯೇ ನೇರ ಉತ್ತರವಿರಲಿ, ವಿವರಣೆ ಮತ್ತು ವಿನಾಯಿತಿಗಳು ಅನಂತರ ಬರಲಿ. ಅಡಿಕೆಯ ಇತಿಹಾಸ, ಅದರ ಧಾರ್ಮಿಕ ಮಹತ್ವ, ಮಲೆನಾಡಿನ ಸೊಬಗು ಇವನ್ನೆಲ್ಲ ದಾಟಿ ಕೊನೆಯಲ್ಲಿ ಔಷಧದ ಪ್ರಮಾಣಕ್ಕೆ ಬರುವ ಲೇಖನಗಳು ನಮ್ಮಲ್ಲಿ ಬಹಳ. ಆ ಪೀಠಿಕೆಗೆ ಬೇರೊಂದು ಪುಟದಲ್ಲಿ ಗೌರವದ ಸ್ಥಾನ ಕೊಡಬಹುದು.

ಯಾವ ಬಗೆಯ ಬರಹ ಹೆಚ್ಚು ಉಲ್ಲೇಖಗೊಳ್ಳುತ್ತದೆ ಎಂಬುದರ ಬಗ್ಗೆ ಸಂಶೋಧನೆ ನಡೆದಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, ದೆಹಲಿ ಐಐಟಿ ಮೊದಲಾದ ಕಡೆಯ ಸಂಶೋಧಕರು 2023ರಲ್ಲಿ ಹೊರತಂದು 2024ರ ಕೆಡಿಡಿ ಎಂಬ ದತ್ತಾಂಶ ವಿಜ್ಞಾನದ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧವೊಂದರ ಪ್ರಕಾರ, ಆಕರಗಳನ್ನು ಹೆಸರಿಸುವುದು, ಬಲ್ಲವರ ಮಾತನ್ನು ಉದ್ಧರಿಸುವುದು, ಅಂಕಿಅಂಶ ಕೊಡುವುದು ಇವು ಎಐ ಉತ್ತರಗಳಲ್ಲಿ ಗೋಚರತೆಯನ್ನು ಶೇ. 40ರವರೆಗೂ ಹೆಚ್ಚಿಸಬಲ್ಲವು, ಹುಡುಕುಪದಗಳನ್ನು ತುರುಕುವ ಹಳೆಯ ತಂತ್ರದಿಂದ ಪ್ರಯೋಜನವಿಲ್ಲ. ಆ ಪ್ರಯೋಗ ನಡೆದದ್ದು ಆಗಿನ ಮಾದರಿಗಳ ಮೇಲೆ, ಇಂಗ್ಲಿಷ್ ಪ್ರಶ್ನೆಗಳೊಂದಿಗೆ. ಆದುದರಿಂದ ಶೇಕಡಾ ಲೆಕ್ಕವನ್ನು ಹಾಗೆಯೇ ನಂಬಿ ಕೂರಬೇಕಾಗಿಲ್ಲ. ಆದರೆ ದಿಕ್ಕು ಸರಿಯಾಗಿದೆ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅಥವಾ ವಿಟ್ಲದ ಅದರ ಪ್ರಾದೇಶಿಕ ಕೇಂದ್ರದ ಶಿಫಾರಸನ್ನು ಬರೆಯುವಾಗ ಆ ಸಂಸ್ಥೆಯ ಹೆಸರನ್ನೂ ಶಿಫಾರಸಿನ ವರ್ಷವನ್ನೂ ಹೇಳಿ, ಮೂಲ ಪುಟಕ್ಕೆ ಕೊಂಡಿ ಕೊಡಿ.

ಬೇರೆಲ್ಲೂ ಸಿಗದ ವಿವರವೇ ನಿಮ್ಮ ದೊಡ್ಡ ಬಂಡವಾಳ. ಬೋರ್ಡೋ ದ್ರಾವಣದ ವ್ಯಾಖ್ಯಾನ ನೂರು ಕಡೆ ಇದೆ, ಅದಕ್ಕಾಗಿ ಎಐ ನಿಮ್ಮ ಬಳಿಗೆ ಬರಬೇಕಾಗಿಲ್ಲ. ಆದರೆ ದ್ರಾವಣ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ನೋಡುವುದು, ಅಲಗಿನ ಮೇಲೆ ಕೆಂಬಣ್ಣ ಕೂತರೆ ತಾಮ್ರದ ಅಂಶ ಹೆಚ್ಚಾಗಿದೆ ಎಂದು ಅರಿತು ಇನ್ನಷ್ಟು ಸುಣ್ಣದ ತಿಳಿ ಸೇರಿಸುವುದು, ಮಳೆ ಬಿಡುವು ಕೊಡದ ವರ್ಷ ನಿಮ್ಮ ಹೋಬಳಿಯ ಬೆಳೆಗಾರರು ಏನು ಮಾಡಿದರು ಎಂಬ ದಾಖಲೆ, ನಿಮ್ಮ ಸಂಘದ ವ್ಯಾಪ್ತಿಯಲ್ಲಿ ಸಿಂಪರಣೆಗೆ ತಗಲಿದ ಖರ್ಚಿನ ಕೋಷ್ಟಕ ಇವು ಕನ್ನಡದಲ್ಲಿ ವಿರಳ. ಎಐ ಸಾಧನದಿಂದಲೇ ಬರೆಸಿದ ನೂರಾರು ಪುಟಗಳನ್ನು ತುಂಬುವುದಕ್ಕಿಂತ ಇಂಥ ಹತ್ತು ಪುಟಗಳನ್ನು ಬರೆಯುವುದು ಮೇಲು. ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿಗಟ್ಟಲೆ ಸೃಷ್ಟಿಸುವುದನ್ನು 2024ರ ಮಾರ್ಚ್‌ನಿಂದ ಗೂಗಲ್ ತನ್ನ ಸ್ಪ್ಯಾಮ್ ನೀತಿಯ ಉಲ್ಲಂಘನೆಯೆಂದೇ ಪರಿಗಣಿಸುತ್ತದೆ. ಯಂತ್ರಾನುವಾದದ ಕನ್ನಡದ ಬಗ್ಗೆಯೂ ಇದೇ ಮಾತು: ಅದನ್ನು ತಿದ್ದದೆ ಪ್ರಕಟಿಸುವುದು ಓದುಗರಿಗೂ ಭಾಷೆಗೂ ಮಾಡುವ ಅನ್ಯಾಯ.

ಪ್ರಕಟವಾದ ದಿನಾಂಕ ಮತ್ತು ಪರಿಷ್ಕರಿಸಿದ ದಿನಾಂಕ ಪುಟದಲ್ಲಿ ಕಾಣುವಂತಿರಲಿ. ಒಳಗಿನ ಮಾಹಿತಿಯನ್ನು ಮುಟ್ಟದೆ ದಿನಾಂಕವನ್ನಷ್ಟೇ ಹೊಸದು ಮಾಡುವುದು ಬೇಡ.

ಗುರುತು ಮತ್ತು ಸಾಕ್ಷಿ

ಲೇಖಕರು ಯಾರು, ಅವರಿಗೆ ಈ ವಿಷಯದಲ್ಲಿ ಏನು ಅನುಭವ, ಸಂಸ್ಥೆ ಎಲ್ಲಿದೆ ಎಂಬುದನ್ನು ‘ನಮ್ಮ ಬಗ್ಗೆ’ ಪುಟದಲ್ಲಿ ಪೂರ್ಣ ವಾಕ್ಯಗಳಲ್ಲಿ ಬರೆಯಿರಿ. ಸಂಸ್ಥೆಯ ಹೆಸರನ್ನು ಜಾಲತಾಣ, ಗೂಗಲ್ ಬಿಸಿನೆಸ್ ಪ್ರೊಫೈಲ್, ಯೂಟ್ಯೂಬ್, ಫೇಸ್‌ಬುಕ್ ಎಲ್ಲೆಡೆ ಒಂದೇ ರೀತಿಯಲ್ಲಿ, ಕನ್ನಡದ ಮತ್ತು ಇಂಗ್ಲಿಷಿನ ಒಂದೊಂದೇ ಕಾಗುಣಿತದಲ್ಲಿ ಬಳಸಿ. ಇದೇ ವಿವರಗಳನ್ನು ಯಂತ್ರಕ್ಕೆ ತಿಳಿಯುವ ರೂಪದಲ್ಲಿ ಕೊಡಲು ಸ್ಕೀಮಾ ಡಾಟ್ ಆರ್ಗ್‌ನ ಪದಕೋಶವಿದೆ. ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸೇರಿ 2011ರಲ್ಲಿ ಅದನ್ನು ಆರಂಭಿಸಿದವು. ಲೇಖನ, ಲೇಖಕ, ಸಂಸ್ಥೆ ಇಷ್ಟನ್ನು ಜೆಸನ್-ಎಲ್‌ಡಿ ಎಂಬ, ಯಂತ್ರಗಳು ಓದುವ ರೂಪದಲ್ಲಿ ಪುಟದ ಸಂಕೇತಕ್ಕೆ ಸೇರಿಸಿದರೆ ಸಾಕು. ವರ್ಡ್‌ಪ್ರೆಸ್‌ನ ಎಸ್‌ಇಒ (ಶೋಧದಲ್ಲಿ ಕಾಣಿಸಿಕೊಳ್ಳಲು ನೆರವಾಗುವ) ಪ್ಲಗಿನ್‌ಗಳು ಇದನ್ನು ತಾವೇ ಮಾಡುತ್ತವೆ. ಪುಟದಲ್ಲಿ ಕಾಣದ ಸಂಗತಿಯನ್ನು ಅದರಲ್ಲಿ ತುಂಬಬಾರದು.

ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ ಎಂಬ ಕಡತದ ಬಗ್ಗೆ ನೀವು ಕೇಳಿರಬಹುದು. ಎಐ ಮಾದರಿಗಳಿಗೆಂದೇ ಜಾಲತಾಣದ ಸಾರವನ್ನು ಒಂದು ಕಡತದಲ್ಲಿ ಇಡುವ ಈ ಪ್ರಸ್ತಾಪ 2024ರ ಸೆಪ್ಟೆಂಬರ್‌ನಲ್ಲಿ ಬಂದಿತು. ತನ್ನ ಎಐ ಸೌಲಭ್ಯಗಳಿಗೆ ಇಂಥ ಕಡತ ಬೇಕಿಲ್ಲವೆಂದು ಗೂಗಲ್ ಹೇಳಿದೆ. ಅದನ್ನು ಮಾಡಿದರೆ ನಷ್ಟವಿಲ್ಲ, ಆದರೆ ಅದಕ್ಕೆ ಯಾರಿಗೂ ಹಣ ಕೊಡಬೇಡಿ.

ನಿಮ್ಮ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ಎಂಬುದಕ್ಕೂ ತೂಕವಿದೆ. ಸ್ಥಳೀಯ ಪತ್ರಿಕೆಯ ಅಂತರ್ಜಾಲ ಆವೃತ್ತಿಯಲ್ಲಿ ಬಂದ ವರದಿ, ಕೃಷಿ ವಿಶ್ವವಿದ್ಯಾಲಯದ ಪುಟದಿಂದ ಬಂದ ಕೊಂಡಿ, ಅನುಭವಿ ಬೆಳೆಗಾರರ ಚರ್ಚೆಯಲ್ಲಿ ನಿಮ್ಮ ಲೇಖನದ ಉಲ್ಲೇಖ ಇವು ಕೊಂಡು ತರುವಂಥವಲ್ಲ. ಒಳ್ಳೆಯ ಮಾಹಿತಿಯನ್ನು ಅಗತ್ಯವಿರುವವರ ಗಮನಕ್ಕೆ ತರುತ್ತ ಹೋದಂತೆ ಬರುತ್ತವೆ. ಯೂಟ್ಯೂಬ್‌ನಲ್ಲಿ ವಿಡಿಯೊ ಹಾಕುವವರು ಅದರ ಮಾತನ್ನು ಅಕ್ಷರಕ್ಕಿಳಿಸಿ ಜಾಲತಾಣದಲ್ಲಿಯೂ ಪ್ರಕಟಿಸಬೇಕು.

ಫಲಿತಾಂಶವನ್ನು ಅಳೆಯುವುದು

ಗೂಗಲ್ ಎಐ ಓವರ್‌ವ್ಯೂ ಮೂಲಕ ಬಂದ ಭೇಟಿಗಳನ್ನು ಸರ್ಚ್ ಕನ್ಸೋಲ್ ಸಾಮಾನ್ಯ ವೆಬ್ ಶೋಧದ ಲೆಕ್ಕದಲ್ಲಿಯೇ ಸೇರಿಸುತ್ತದೆ. ಚಾಟ್‌ಜಿಪಿಟಿಯ ಶೋಧದಿಂದ ಬರುವ ಕೊಂಡಿಗಳಲ್ಲಿ ಆ ಹೆಸರಿನ ಯುಟಿಎಂ ಗುರುತು (ಭೇಟಿ ಎಲ್ಲಿಂದ ಬಂತೆಂದು ತಿಳಿಸಲು ವಿಳಾಸಕ್ಕೆ ಸೇರಿಸುವ ಗುರುತು) ಇರುವುದರಿಂದ, ಭೇಟಿಗಳನ್ನು ಲೆಕ್ಕವಿಡುವ ಅನಲಿಟಿಕ್ಸ್‌ನಲ್ಲಿ ಅವನ್ನು ಬೇರೆಯಾಗಿ ಕಾಣಬಹುದು. ಸರ್ವರ್ ಲಾಗ್‌ಗಳಲ್ಲಿ ಮೇಲೆ ಹೇಳಿದ ಕ್ರಾಲರ್‌ಗಳ ಹೆಸರನ್ನು ಹುಡುಕಿದರೆ ಯಾವುದು ಬಂದಿದೆ, ಯಾವ ಪುಟಗಳನ್ನು ಓದಿದೆ, ಯಾವುದಕ್ಕೆ ಪ್ರವೇಶ ಸಿಗದೆ ಮರಳಿದೆ ಎಂಬುದು ತಿಳಿಯುತ್ತದೆ.

ಉಲ್ಲೇಖ ಹೆಚ್ಚಿದರೂ ಭೇಟಿಗಳ ಸಂಖ್ಯೆ ಅದೇ ಪ್ರಮಾಣದಲ್ಲಿ ಏರದಿರಬಹುದು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2025ರ ಮಾರ್ಚ್ ತಿಂಗಳ ಬಳಕೆಯನ್ನು ಪರಿಶೀಲಿಸಿದಾಗ, ಗೂಗಲ್‌ನಲ್ಲಿ ಎಐ ಸಾರಾಂಶ ಕಂಡ ಸಂದರ್ಭಗಳಲ್ಲಿ ಜನ ಫಲಿತಾಂಶದ ಕೊಂಡಿಯನ್ನು ಒತ್ತಿದ್ದು ಶೇ. 8ರಷ್ಟು, ಸಾರಾಂಶವಿಲ್ಲದಾಗ ಶೇ. 15ರಷ್ಟು. ಆದ್ದರಿಂದ ಒಂದು ಸಾಲಿನ ಉತ್ತರದಲ್ಲಿ ಮುಗಿಯುವ ವಿಷಯಗಳಿಗಿಂತ, ಉತ್ತರ ಓದಿದ ಮೇಲೂ ಮೂಲಕ್ಕೆ ಬರಲೇಬೇಕಾಗುವ ವಿಷಯಗಳಿಗೆ, ಎಂದರೆ ತಾಲೂಕುವಾರು ಕೋಷ್ಟಕ, ರೋಗ ಗುರುತಿಸಲು ಬೇಕಾದ ಚಿತ್ರಗಳು, ಹಂತಹಂತದ ಪ್ರಾತ್ಯಕ್ಷಿಕೆ ಇಂಥವಕ್ಕೆ ಹೆಚ್ಚು ಶ್ರಮ ಹಾಕುವುದು ಜಾಣತನ.

ನಿಮ್ಮ ಓದುಗರು ನಿಜವಾಗಿ ಕೇಳುವ ಇಪ್ಪತ್ತು ಮೂವತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಮಾಡಿ, ತಿಂಗಳಿಗೊಮ್ಮೆ ಅವನ್ನು ಬೇರೆಬೇರೆ ಎಐ ಸಾಧನಗಳಲ್ಲಿ ಕೇಳಿ. ಕನ್ನಡ ಲಿಪಿಯಲ್ಲಿ, ಇಂಗ್ಲಿಷ್‌ನಲ್ಲಿ, ಮೊಬೈಲ್‌ನಲ್ಲಿ ಬಹುಮಂದಿ ಬರೆಯುವಂತೆ ರೋಮನ್ ಲಿಪಿಯ ಕನ್ನಡದಲ್ಲಿ, ಹೀಗೆ ಮೂರು ರೀತಿಯಲ್ಲಿ ಕೇಳಿದರೆ ಆಕರಗಳು ಹೇಗೆ ಬದಲಾಗುತ್ತವೆ ಎಂಬುದು ಗೊತ್ತಾಗುತ್ತದೆ. ಒಂದೇ ಪ್ರಶ್ನೆಗೆ ಒಂದೊಂದು ಸಲ ಒಂದೊಂದು ಆಕರ ಬರುವುದು ಸಹಜವಾದ್ದರಿಂದ, ಒಂದು ದಿನದ ಫಲಿತಾಂಶ ನೋಡಿ ನಿರ್ಧಾರಕ್ಕೆ ಬರಬಾರದು. ನಿಮ್ಮ ಹೆಸರು ಬಂದಿದೆಯೇ ಎಂಬುದರ ಜೊತೆಗೆ, ಬಂದ ಉತ್ತರ ಸರಿಯಾಗಿದೆಯೇ ಎಂದು ಪರಿಶೀಲಿಸಿ. ನಿಮ್ಮ ಪುಟವನ್ನು ಆಕರವಾಗಿಸಿಕೊಂಡ ಉತ್ತರದಲ್ಲಿ ಔಷಧದ ಪ್ರಮಾಣ ತಪ್ಪಾಗಿದ್ದರೆ ಆ ಪ್ಯಾರಾವನ್ನು ತೆರೆದು, ಎರಡು ಅಳತೆಗಳು ಒಂದೇ ವಾಕ್ಯದಲ್ಲಿ ಸಿಕ್ಕಿಕೊಂಡಿವೆಯೇ, ಬೆಳೆಯ ಹೆಸರು ಬಿಟ್ಟುಹೋಗಿದೆಯೇ ಎಂದು ನೋಡಿ, ವಾಕ್ಯವನ್ನು ಒಡೆದು ಬರೆಯಿರಿ. ತಪ್ಪು ಬೇರೆ ಜಾಲತಾಣದಿಂದ ಬಂದಿದ್ದರೆ, ಆ ಸಾಧನದಲ್ಲಿರುವ ಅಭಿಪ್ರಾಯದ ಗುಂಡಿಯ ಮೂಲಕ ಅದನ್ನು ತಿಳಿಸಿ, ಸರಿಯಾದ ಪ್ರಮಾಣವನ್ನು ಅದರ ಆಕರದೊಂದಿಗೆ ನಿಮ್ಮ ಪುಟದಲ್ಲಿ ಆ ಪ್ರಶ್ನೆಯದೇ ಶೀರ್ಷಿಕೆಯಡಿ ಪ್ರಕಟಿಸಿ, ಪುಟವನ್ನು ಮತ್ತೆ ಓದಿಸಿಕೊಳ್ಳುವಂತೆ ಸರ್ಚ್ ಕನ್ಸೋಲ್ ಮತ್ತು ಬಿಂಗ್ ಎರಡರಲ್ಲಿಯೂ ಕೋರಿಕೆ ಸಲ್ಲಿಸಿ.